ಅಡಿಗೆಮನೆಯ ಆರಾಧನೆ

ದೇವಭಕ್ತಿಯು ದಿನದಲ್ಲಿ ಒಂದು ಗಳಿಗೆಯ ಕಾರ್ಯವೋ ಇಡೀ ದಿನದ ಕಾರ್ಯವೋ ಎಂದು ಯಾರಾದರೂ ನಮ್ಮನ್ನು ಕೇಳಿದ್ದರೆ, ಇಡೀ ದಿನದ ಕಾರ್ಯವೆಂದು ನಾವು ತಡವಿಲ್ಲದೆ ಉತ್ತರ ಕೊಡುತ್ತಿದ್ದೆವು. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಸಂಸ್ಕೃತ ಪಾಠ ಹೇಳಿದವರಿಗೆ ಉತ್ತರ ಹೇಳುವುದು ಕಷ್ಟವಲ್ಲ. ಹೇಳಿದಂತೆ ನಡೆಯುವುದು ಎಷ್ಟು ಕಷ್ಟವೆಂಬುದು ನಮಗೆ ಅರುವತ್ತರ ಹೊಸ್ತಿಲಲ್ಲಿ, ಅದೂ ಅಡಿಗೆಮನೆಯಲ್ಲಿ, ತಿಳಿಯಿತು. ನಮ್ಮಂಥ ಗೃಹಸ್ಥರು ಇನ್ನೂ ಕೆಲವರು ಇರಬಹುದಾದ್ದರಿಂದ, ನಾಚಿಕೆಯನ್ನು ಬದಿಗಿಟ್ಟು ಆ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ನಮ್ಮದು ಮೂರು ತಲೆಮಾರುಗಳಿಂದ ಕ್ರೈಸ್ತಮತವನ್ನು ಅನುಸರಿಸುತ್ತ ಬಂದ ಮನೆತನ. ಬೆಳಗಿನ ಐದು ಗಂಟೆಗೆ ಎದ್ದು, ಪಡಸಾಲೆಯ ಕಿಟಕಿಯ ಬಳಿ ಕುಳಿತು, ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಬಳಿಕ ಕಣ್ಣು ಮುಚ್ಚಿ ಪ್ರಾರ್ಥಿಸುವುದು ನಮ್ಮ ತಂದೆಯವರಿಂದ ಬಂದ ಪದ್ಧತಿ. ಪ್ರಾರ್ಥನೆ ಮುಗಿದು ಕಣ್ಣು ತೆರೆಯುವಷ್ಟರಲ್ಲಿ ಬಲಗಡೆಯ ಮುಕ್ಕಾಲಿಯ ಮೇಲೆ ಕಾಫಿಯ ಲೋಟ ಸಿದ್ಧವಾಗಿರುತ್ತಿತ್ತು. ಅದು ಅಲ್ಲಿಗೆ ಹೇಗೆ ಬರುತ್ತಿತ್ತೆಂದು ನಾವು ಎಂದೂ ಯೋಚಿಸಿದವರಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಒಳಗೆ ಪಾತ್ರೆ ಬಿದ್ದು ಸದ್ದಾದಾಗ, ನಾವು ಓದುವುದನ್ನು ನಿಲ್ಲಿಸಿ ಎದ್ದು ಹೋಗಿ, ದೇವರ ಸನ್ನಿಧಿಯಲ್ಲಿ ಕುಳಿತವರಿಗೆ ಅಡ್ಡಿ ಮಾಡಬಾರದೆಂದು ಕಟುವಾಗಿ ನುಡಿದದ್ದು ನೆನಪಿದೆ. ಆಮೇಲೆ ಎಂದಾದರೂ ಸದ್ದಾದದ್ದು ನೆನಪಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯಾಕೆ ಬಚ್ಚಲಿನಲ್ಲಿ ಜಾರಿ ಬಿದ್ದು ಪಾದದ ಕೀಲಿನ ಬಳಿ ಎಲುಬು ಮುರಿಯಿತು. ವೈದ್ಯರು ಪ್ಲಾಸ್ಟರ್ ಹಾಕಿ, ಆರು ವಾರ ಕಾಲನ್ನು ನೆಲಕ್ಕೆ ಊರಕೂಡದೆಂದು ವಿಧಿಸಿದರು. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹೀಗಾಗಿ ಒಲೆಯ ಅಧಿಕಾರವು ನಮ್ಮ ಕೈಗೆ ಬಂದಿತು.

ಮೊದಲನೆಯ ದಿನ ನಾವು ಅಧ್ಯಾಯದ ನಡುವೆ ಇರುವಾಗಲೇ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಎರಡನೆಯ ದಿನ, ಕಟ್ಟೆಯ ಮೇಲೆ ಪಾತ್ರೆಗಳ ಕೆಳಗೆ ಮಡಿಸಿ ಹಾಸಿದ್ದ ಹಳೆಯ ಸೀರೆಯ ತುಂಡೊಂದನ್ನು ಕಂಡು, ಇದೇನು ಕೊಳಕೆಂದು ಮೂಲೆಗೆ ಎಸೆದೆವು. ಮೂರನೆಯ ದಿನ ಅನ್ನ ತಳ ಹತ್ತಿ ಮನೆಯೆಲ್ಲ ಸೀದ ವಾಸನೆ ತುಂಬಿತು. ಕೋಪದಿಂದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದೆವು. ಒಳಕೋಣೆಯಿಂದ ಆಕೆಯ ದನಿ ಕೇಳಿಸಿತು.

“ಏನೂಂದ್ರೆ, ಪ್ರಾರ್ಥನೆ ಆಯಿತೇ?”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ದಿನವೂ ಕೇಳುವಂತೆಯೇ ಕೇಳಿದಳು. ಆಗಿತ್ತೆಂದು ಹೇಳಲು ಮಾತ್ರ ನಮಗೆ ಬಾಯಿ ಬರಲಿಲ್ಲ. ಕೇವಲ ಅರ್ಧ ಗಂಟೆಯ ಹಿಂದೆ ದೀರ್ಘಶಾಂತಿಯನ್ನು ದಯಪಾಲಿಸೆಂದು ದೇವರನ್ನು ಬೇಡಿಕೊಂಡಿದ್ದೆವು. ಬೇಡಿದ ಶಾಂತಿಯು ಪಡಸಾಲೆಯಿಂದ ಅಡಿಗೆಮನೆಯವರೆಗೆ, ಅಂದರೆ ಹನ್ನೆರಡು ಹೆಜ್ಜೆಗಳಷ್ಟು ದೂರ ಕೂಡ, ನಮ್ಮೊಡನೆ ಬರಲಿಲ್ಲ.

ಆ ಮಧ್ಯಾಹ್ನ ಕಪಾಟಿನಿಂದ ಒಂದು ಸಣ್ಣ ಪುಸ್ತಕವನ್ನು ತೆಗೆದೆವು. ಯೌವನದಲ್ಲಿ ಅದನ್ನು ಓದಿ, ಶೈಲಿಯು ಸರಳವಾಗಿದೆಯೆಂದು ಮೆಚ್ಚಿ, ಮುಚ್ಚಿಟ್ಟಿದ್ದೆವು. ಅದು ಸಹೋದರ ಲಾರೆನ್ಸನ ಮಾತುಗಳನ್ನೂ ಪತ್ರಗಳನ್ನೂ ಒಳಗೊಂಡ ಪುಸ್ತಕ. ಈತನ ಮೊದಲಿನ ಹೆಸರು ನಿಕೊಲಾ ಹೆರ್ಮಾನ್. ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ಲೊರೇನ್ ಪ್ರಾಂತದ ಒಂದು ಹಳ್ಳಿಯಲ್ಲಿ 1614ರ ಸುಮಾರಿಗೆ ಬಡವರ ಮನೆಯಲ್ಲಿ ಹುಟ್ಟಿದವನು. ಹದಿನೆಂಟನೆಯ ವಯಸ್ಸಿನಲ್ಲಿ ಚಳಿಗಾಲದ ಒಂದು ಬೋಳುಮರವನ್ನು ನೋಡಿ, ಇದು ಮತ್ತೆ ಚಿಗುರಿ ಹೂಬಿಟ್ಟು ಫಲ ಕೊಡುವುದಲ್ಲವೇ ಎಂದು ಯೋಚಿಸಿದಾಗ ಅವನಿಗೆ ದೇವರ ಶಕ್ತಿ ಮನಸ್ಸಿಗೆ ನಾಟಿತಂತೆ. ಸಿಪಾಯಿಯಾಗಿ ಯುದ್ಧಕ್ಕೆ ಹೋಗಿ ಗಾಯಗೊಂಡನು, ಕಾಲು ಕುಂಟಾಯಿತು. 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಪಂಥದ ಮಠವನ್ನು ಸೇರಿದನು. ಹೆಚ್ಚಿನ ವಿದ್ಯೆಯಿಲ್ಲದವನಾದ್ದರಿಂದ ಪಾದ್ರಿಯಾಗದೆ, ಕೈಕೆಲಸ ಮಾಡುವ ಸಹೋದರನಾಗಿ ಉಳಿದನು. ಅವನಿಗೆ ಒದಗಿದ್ದು ಅಡಿಗೆಯ ಕೆಲಸ.

ಈ ಕೆಲಸವು ಅವನಿಗೆ ಸ್ವಭಾವತಃ ಸ್ವಲ್ಪವೂ ಹಿಡಿಸದು ಎಂಬುದನ್ನು ನಾವು ಯೌವನದ ಓದಿನಲ್ಲಿ ಗಮನಿಸಿರಲಿಲ್ಲ. ಹಿಡಿಸದ ಕೆಲಸವನ್ನೇ ಅವನು ದೇವರ ಪ್ರೀತಿಗಾಗಿ ಮಾಡಲು ತೊಡಗಿದನು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದನ್ನು ಕೂಡ. ಮಠದ ಗಂಟೆ ಬಾರಿಸಿ ಪ್ರಾರ್ಥನೆಗೆ ಮೊಣಕಾಲೂರುವ ಹೊತ್ತಿಗೂ, ನಾಲ್ಕಾರು ಜನ ಏಕಕಾಲದಲ್ಲಿ ಬೇರೆ ಬೇರೆ ಪದಾರ್ಥಗಳನ್ನು ಕೇಳುವ ಅಡಿಗೆಮನೆಯ ಗದ್ದಲದ ಹೊತ್ತಿಗೂ ಅವನಿಗೆ ಭೇದವಿರಲಿಲ್ಲ. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಳ್ಳಲು ಅವನನ್ನು ಬರ್ಗಂಡಿ ಪ್ರಾಂತಕ್ಕೆ ಕಳುಹಿಸಿದಾಗ, ಕುಂಟನಾದ ಅವನು ದೋಣಿಯಲ್ಲಿ ನಡೆದಾಡಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಸಾಗುತ್ತಿದ್ದನು. ವ್ಯಾಪಾರ ತಿಳಿಯದವನಾದರೂ, ಇದು ದೇವರ ಕೆಲಸವೆಂದು ಹೇಳಿಕೊಂಡು ನಿಶ್ಚಿಂತನಾಗಿದ್ದನು. ವಯಸ್ಸಾದ ಮೇಲೆ ಮಠದವರ ಪಾದರಕ್ಷೆಗಳನ್ನು ಹೊಲಿದನು. 1691ರಲ್ಲಿ ತೀರಿಕೊಂಡನು. ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು ಅವನ ಮಾತುಗಳನ್ನೂ ಪತ್ರಗಳನ್ನೂ ಸಂಗ್ರಹಿಸಿ 1692 ಮತ್ತು 1694ರಲ್ಲಿ ಪ್ರಕಟಿಸದೆ ಹೋಗಿದ್ದರೆ, ಆ ಅಡಿಗೆಯವನ ಹೆಸರು ನಮ್ಮವರೆಗೆ ಬರುತ್ತಲೇ ಇರಲಿಲ್ಲ.

ಇದನ್ನು ಓದುತ್ತಿರುವಾಗ ನಮಗೆ ನಮ್ಮ ಶಾಸ್ತ್ರವೇ ನೆನಪಾಯಿತು. ‘ಭಕ್ತ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಆರಾಧಕನೆಂದು ಮಾತ್ರವಲ್ಲ, ಬೆಂದ ಅನ್ನವೆಂದೂ ಅರ್ಥವುಂಟು. ಅಮರಕೋಶವು ಅನ್ನದ ಪರ್ಯಾಯಪದಗಳಲ್ಲಿ ಅದನ್ನು ಎಣಿಸುತ್ತದೆ. ಎರಡಕ್ಕೂ ಮೂಲವಾದ ‘ಭಜ್’ ಧಾತುವಿನಲ್ಲಿ ಸೇವಿಸುವುದು, ಹಂಚುವುದು ಎಂಬ ಅರ್ಥಗಳಿವೆ. ಇದನ್ನು ನಾವು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಹುಡುಗರಿಂದ ಬಾಯಿಪಾಠ ಮಾಡಿಸಿದ್ದೆವು. ಅನ್ನವನ್ನು ಬೇಯಿಸಿ ಬಡಿಸುವ ಕೈಯೂ ದೇವರಿಗೆ ಮುಗಿಯುವ ಕೈಯೂ ಒಂದೇ ಆಗಬಹುದೆಂದು ಮಾತ್ರ ನಮಗೆ ತೋಚಿರಲಿಲ್ಲ. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ನಾಡಿನಲ್ಲಿ ಹುಟ್ಟಿ ಇಷ್ಟು ತಡವಾಗಿ ತೋಚಿದ್ದಕ್ಕೆ ನಾಚಿಕೆಯಾಗುತ್ತದೆ.

ಸಂಜೆ ಆಕೆಯ ಮಂಚದ ಬಳಿ ಅಕ್ಕಿಯ ಮೊರವನ್ನಿಟ್ಟುಕೊಂಡು ಕುಳಿತೆವು. ಆಕೆ ಕಲ್ಲು ಆರಿಸಿಕೊಡುತ್ತೇನೆಂದಳು. ಆಗ ಕೇಳಿದೆವು:

“ಇಷ್ಟು ವರ್ಷ ನೀನು ಯಾವ ಹೊತ್ತಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊತ್ತು ಅಂತ ಎಲ್ಲಿತ್ತು? ಅಕ್ಕಿ ಆರಿಸುವಾಗ ಒಬ್ಬೊಬ್ಬರ ಹೆಸರು ಹೇಳಿಕೊಳ್ಳುತ್ತಿದ್ದೆ. ನೀವು ಓದುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತಲ್ಲ, ಅದೇ ನನಗೂ ಪಾಠ. ಸದ್ದಾದರೆ ನಿಮಗೆ ತೊಂದರೆ ಅಂತ ಪಾತ್ರೆಯ ಕೆಳಗೆ ಬಟ್ಟೆ ಹಾಸಿಕೊಳ್ಳುತ್ತಿದ್ದೆ, ಅಷ್ಟೆ,” ಎಂದಳು.

ನಾವು ಮೂಲೆಗೆ ಎಸೆದ ಸೀರೆಯ ತುಂಡು ಅದೇ ಆಗಿತ್ತು. ನಮ್ಮ ಒಂದು ಗಳಿಗೆಯ ಕೋಪವನ್ನು ಆಕೆ ಒಂದು ಜೀವಮಾನದ ಎಚ್ಚರಿಕೆಯನ್ನಾಗಿ ಮಾಡಿಕೊಂಡಿದ್ದಳು. ಪಡಸಾಲೆಯ ನಮ್ಮ ಮೌನವು ದೇವರು ಕೊಟ್ಟದ್ದೆಂದು ನಾವು ತಿಳಿದಿದ್ದೆವು. ಅದನ್ನು ದಿನವೂ ಕೊಡುತ್ತಿದ್ದವಳು ಆಕೆ. ಕಾಣಿಕೆಯನ್ನು ಅರ್ಪಿಸಲು ಬಂದವನು, ತನ್ನ ಮೇಲೆ ಸಹೋದರನಿಗೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗಬೇಕೆಂದು ಯೇಸುಸ್ವಾಮಿಯು ಬೆಟ್ಟದ ಮೇಲಣ ಪ್ರಸಂಗದಲ್ಲಿ ಬೋಧಿಸಿದ್ದಾನೆ. ಆ ಅಧ್ಯಾಯವನ್ನು ನಾವು ಎಷ್ಟು ಸಾರಿ ಗಟ್ಟಿಯಾಗಿ ಓದಿದ್ದೆವೋ, ಅಷ್ಟು ಸಾರಿಯೂ ಅದನ್ನು ಕೇಳಿದವಳು ಗೋಡೆಯಾಚೆಗಿದ್ದಳು.

“ನಮ್ಮದು ತಪ್ಪಾಯಿತು,” ಎಂದೆವು. ಮದುವೆಯಾದಂದಿನಿಂದ ಆ ಮಾತನ್ನು ಆಕೆಗೆ ಹೇಳಿದ್ದು ಅದೇ ಮೊದಲು. ಆಕೆ ಗಾಬರಿಯಾಗಿ, “ಅಯ್ಯೋ, ಅದಕ್ಕೇನಂತೆ, ಮೊದಲು ಸಾರಿಗೆ ಬೇಳೆ ಇಡಿ,” ಎಂದಳು. ಬೇಳೆ ಇಟ್ಟೆವು.

ಇದರಿಂದ ಬೆಳಗಿನ ಪ್ರಾರ್ಥನೆ ಬೇಡವೆಂಬ ತಾತ್ಪರ್ಯವನ್ನು ಯಾರೂ ತೆಗೆಯಬಾರದು. ಲಾರೆನ್ಸನೂ ಮಠದ ಪ್ರಾರ್ಥನಾಕಾಲಗಳನ್ನು ಬಿಟ್ಟವನಲ್ಲ. ಮಾರ್ಥಳು ಊಟೋಪಚಾರದ ಗಡಿಬಿಡಿಯಲ್ಲಿ ಬೇಸರಪಟ್ಟಾಗ ಯೇಸುಸ್ವಾಮಿಯು ತನ್ನ ಪಾದದ ಬಳಿ ಕುಳಿತಿದ್ದ ಮರಿಯಳನ್ನೇ ಮೆಚ್ಚಿದನೆಂದು ಲೂಕನು ಬರೆದಿದ್ದಾನೆ. ಆ ಕಥೆಯನ್ನು ನಾವು ಮನೆಯಲ್ಲಿ ಅನೇಕ ಸಾರಿ ಹೇಳಿದ್ದೆವು. ಹೇಳುವಾಗಲೆಲ್ಲ ಮರಿಯಳ ಸ್ಥಾನದಲ್ಲಿ ನಾವೇ ಕುಳಿತಿರುತ್ತಿದ್ದೆವು. ಆದರೆ ಅದೇ ಸ್ವಾಮಿಯು ಪುನರುತ್ಥಾನದ ಬಳಿಕ, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನನ್ನಿಟ್ಟು ರೊಟ್ಟಿಯನ್ನು ಸಿದ್ಧಮಾಡಿಕೊಂಡಿದ್ದು, ಊಟಕ್ಕೆ ಕರೆದನೆಂಬುದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ಒಲೆಯ ಮುಂದೆ ನಿಲ್ಲುವುದು ತನ್ನ ಗೌರವಕ್ಕೆ ಕಡಿಮೆಯೆಂದು ಅವನು ಎಣಿಸಲಿಲ್ಲ.

ಆರು ವಾರಗಳಲ್ಲಿ ನಾವು ಕಲಿತದ್ದು ಸ್ವಲ್ಪವೇ. ಒಲೆ ಹೊತ್ತಿಸುವ ಮುನ್ನ ಒಂದು ಉಸಿರಿನಷ್ಟು ಹೊತ್ತು ನಿಂತು, ಈ ಕೆಲಸವು ನಿನ್ನದೆಂದು ದೇವರಿಗೆ ಹೇಳುವುದು. ಕೈ ಕೆಲಸದಲ್ಲಿರುವಾಗ, ಯಾರಿಗಾಗಿ ಬೇಯಿಸುತ್ತೇವೋ ಅವರನ್ನು ಹೆಸರು ಹಿಡಿದು ನೆನೆಯುವುದು. ಕೋಪ ಬಂದು ನುಡಿದರೆ, ದೇವರ ಕ್ಷಮೆಯನ್ನು ಬೇಡುವ ಮೊದಲು ಆ ಮಾತನ್ನು ಕೇಳಿಸಿಕೊಂಡವರ ಕ್ಷಮೆಯನ್ನು ಬೇಡುವುದು. ತಪ್ಪಿದಾಗ ಲಾರೆನ್ಸನು ಅತಿಯಾಗಿ ಕೊರಗುತ್ತಿರಲಿಲ್ಲ. ನೀನು ಕೈಬಿಟ್ಟರೆ ನಾನು ಇಷ್ಟೇ ಎಂದು ದೇವರ ಮುಂದೆ ಒಪ್ಪಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದನು. ನಮ್ಮಂಥವರಿಗೆ ಇದು ದೊಡ್ಡ ಆಧಾರ. ಏಕೆಂದರೆ ಹೋದ ವಾರವೂ ಹಾಲು ಉಕ್ಕಿತು. ಹೋದ ವಾರವೂ ನಾವು ಸಿಡುಕಿದೆವು.

ಈಗ ಆಕೆಯ ಕಾಲು ವಾಸಿಯಾಗಿದೆ. ಬೆಳಗಿನ ಅಧ್ಯಾಯವನ್ನು ಅಡಿಗೆಮನೆಯ ಬಾಗಿಲ ಬಳಿ ಮಣೆ ಹಾಕಿಕೊಂಡು ಓದುತ್ತೇವೆ. ಕಾಫಿಯನ್ನು ಒಂದು ದಿನ ಆಕೆ, ಒಂದು ದಿನ ನಾವು ಮಾಡುತ್ತೇವೆ. ನಮ್ಮ ಸರದಿಯ ಕಾಫಿಯನ್ನು ಆಕೆ ದೂರದೆ ಕುಡಿಯುತ್ತಾಳೆ. ಕಟ್ಟೆಯ ಮೇಲೆ ಬಟ್ಟೆ ಹಾಸುವುದು ಬೇಡವೆಂದು ಹೇಳಿದ್ದೇವೆ. ಹಳೆಯ ಅಭ್ಯಾಸದಿಂದ ಆಕೆ ಇನ್ನೂ ಕೆಲವು ದಿನ ಹಾಸುತ್ತಾಳೆ. ಹಾಸದ ದಿನ ಪಾತ್ರೆಯ ಸದ್ದು ಓದಿನ ನಡುವೆ ಕೇಳಿಸುತ್ತದೆ. ಆಗ ನಾವು ಓದು ನಿಲ್ಲಿಸುವುದಿಲ್ಲ. ಅದೂ ಒಂದು ಪ್ರಾರ್ಥನೆಯೆಂದು ತಿಳಿದು ಮುಂದಿನ ವಾಕ್ಯಕ್ಕೆ ಹೋಗುತ್ತೇವೆ.