ತಿಂದದ್ದೆಷ್ಟು, ಬರೆದದ್ದೆಷ್ಟು?

ಹದಿನಾರರ ಹುಡುಗನನ್ನು “ಮಧ್ಯಾಹ್ನ ಏನು ತಿಂದೆಯೋ?” ಎಂದು ಕೇಳಿ ನೋಡಿ. “ಏನೂ ಇಲ್ಲ” ಎಂಬ ಉತ್ತರ ಥಟ್ಟನೆ ಬರುತ್ತದೆ; ಕೋಡುಬಳೆಯ ಡಬ್ಬಿ ಮಾತ್ರ ಬೇರೆಯೇ ಸಾಕ್ಷಿ ನುಡಿಯುತ್ತದೆ. ಮಕ್ಕಳಿರುವ ಮನೆಗಳಲ್ಲಿ ಇದು ನಿತ್ಯದ ವಿನೋದ. ಆದುದರಿಂದ, ಇದೇ ಪ್ರಶ್ನೆಯನ್ನು ಅಚ್ಚುಹಾಕಿಸಿ ಸಾವಿರಾರು ಮಕ್ಕಳಿಗೆ ಹಂಚುವ ವಿದ್ವಾಂಸರಿದ್ದಾರೆಂದು ಓದಿದಾಗ ನನಗೆ ನಗೆ ಬಂದಿತು.

ಅವರ ಪ್ರಶ್ನಾವಳಿಯ ಕ್ರಮ ಸರಳ. ಕಳೆದ ವರ್ಷ ಹಾಲು ಎಷ್ಟು ಸಲ, ಹಣ್ಣು ಎಷ್ಟು ಸಲ ಎಂಬ ಉದ್ದನೆಯ ಪಟ್ಟಿಗೆ ಮಕ್ಕಳು ಗುರುತು ಹಾಕಬೇಕು. ಅದು ನಿಜವೆಂದು ನಂಬುವುದು ಹೇಗೆ? ಅಮೆರಿಕದ ಹಾರ್ವರ್ಡ್ ಸಂಶೋಧಕರು ೧೯೯೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೯ರಿಂದ ೧೮ ವರ್ಷದ ೨೬೧ ಮಕ್ಕಳ ಉತ್ತರಗಳನ್ನು, ಅವರೇ ಮೂರು ಬಾರಿ ಹಿಂದಿನ ೨೪ ಗಂಟೆಗಳ ಆಹಾರವನ್ನು ನೆನೆದು ಹೇಳಿದ ವಿವರಗಳೊಡನೆ ತಾಳೆ ನೋಡಿದರು. ಪೂರ್ಣ ಹೊಂದಿಕೆಗೆ ೧ ಎಂದಾದರೆ, ದಿನದಿನದ ವ್ಯತ್ಯಾಸಕ್ಕೆ ರಿಯಾಯಿತಿ ಕೊಟ್ಟ ಮೇಲೆಯೂ ಸರಾಸರಿ ಬಂದದ್ದು ೦.೫೪. ಮಕ್ಕಳನ್ನೇ ದೂರಬೇಕಾಗಿಲ್ಲ; ದೊಡ್ಡವರ ಪಾಡೂ ಹೆಚ್ಚುಕಡಿಮೆ ಇಷ್ಟೇ.

ಆದರೆ ಒಂದು ನೆನಪನ್ನು ಇನ್ನೊಂದು ನೆನಪಿನಿಂದ ತೂಗಿದರೆ ತಕ್ಕಡಿಯೇ ಓರೆಯಾಗಿರಬಹುದಲ್ಲವೆ? ನೆನಪನ್ನು ಅವಲಂಬಿಸದ ಅಳತೆಯೊಂದಿದೆ. ಭಾರವಾದ ಜಲಜನಕ, ಆಮ್ಲಜನಕಗಳನ್ನು ಬೆರೆಸಿದ ನೀರನ್ನು ಕುಡಿಸಿ, ಅವೆರಡೂ ದೇಹವನ್ನು ಬಿಡುವ ವೇಗವನ್ನು ಮೂತ್ರಪರೀಕ್ಷೆಯಿಂದ ತಿಳಿದರೆ, ದೇಹ ವ್ಯಯಿಸಿದ ಶಕ್ತಿಯ ಲೆಕ್ಕ ಸಿಗುತ್ತದೆ. ತೂಕ ಬದಲಾಗದಿದ್ದರೆ ತಿಂದದ್ದೂ ಸುಮಾರು ಅಷ್ಟೇ ಇರಬೇಕು. ೧೯೯೦ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ೧೨ರಿಂದ ೧೮ ವರ್ಷದವರಿಗೆ ಈ ನೀರನ್ನು ಕೊಟ್ಟು, ಎರಡು ವಾರ ತಿಂದದ್ದನ್ನೆಲ್ಲ ಬರೆದಿಡಲು ಹೇಳಿದರು. ಸಾಧಾರಣ ಮೈಕಟ್ಟಿನವರು ಬರೆದದ್ದು ವ್ಯಯದ ಶೇಕಡಾ ೮೧ರಷ್ಟು. ಸ್ಥೂಲಕಾಯದವರು ಬರೆದದ್ದು ಶೇಕಡಾ ೫೯ರಷ್ಟು ಮಾತ್ರ!

ಈ ಅಂಕಿಯನ್ನು ಕಂಡಾಗ ನನ್ನ ನಗೆ ನಿಂತಿತು. ಅಕ್ಕನ ಮಗಳು ಕಣ್ಣಮುಂದೆ ಬಂದಳು. ತುಸು ಮೈತುಂಬಿದ ಹುಡುಗಿ. ಮದುವೆಯ ಪಂಕ್ತಿಯಲ್ಲಿ “ಏನೇ, ಮೂರನೆಯ ಹೋಳಿಗೆಯೇ?” ಎಂದು ಹಿರಿಯರೊಬ್ಬರು ನಕ್ಕ ದಿನದಿಂದ ಅವಳು ನಾಲ್ವರ ಎದುರಿಗೆ ಎರಡನೆಯದನ್ನೂ ಬಡಿಸಿಕೊಳ್ಳಳು, ಹಸಿವಾದರೆ ಆಮೇಲೆ ಉಗ್ರಾಣದ ಮರೆಯಲ್ಲಿ ನಿಂತು ತಿನ್ನುತ್ತಾಳೆ. ಅವಳ ಕೈಗೆ ಪ್ರಶ್ನಾವಳಿ ಬಂದರೆ, ಆ ಉಗ್ರಾಣದ ತುತ್ತನ್ನು ಯಾವ ಸಾಲಿನಲ್ಲಿ ಬರೆದಾಳು?

ಬರೆಯಬೇಕೆಂದಾಗ ಕೆಲವರು ಮರೆಯುತ್ತಾರೆ, ಕೆಲವರು ಮರೆಸುತ್ತಾರೆ, ಕೆಲವರು ಆ ದಿನಗಳಲ್ಲಿ ತಿನ್ನುವುದನ್ನೇ ಕಡಿಮೆ ಮಾಡುತ್ತಾರೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಲೆಕ್ಕವನ್ನು ತಿದ್ದಬಹುದು. ನೊಂದವರು ಹೆಚ್ಚು ಮರೆಸಿದರೆ, ಯಾರಿಗೆ ನೆರವು ಬೇಕೋ ಅವರ ವಿಷಯದಲ್ಲಿಯೇ ವೈದ್ಯರ ಲೆಕ್ಕ ದಾರಿ ತಪ್ಪುತ್ತದೆ. ವಿದ್ವಾಂಸರು ತಮ್ಮ ಪ್ರಶ್ನಾವಳಿಗಳನ್ನು ಮತ್ತೆ ಮತ್ತೆ ಒರೆಗೆ ಹಚ್ಚುವುದು ಇದಕ್ಕಾಗಿಯೇ.

ಅವರಿಗಾದರೋ ಆ ವಿಶೇಷವಾದ ನೀರಿನ ಆಸರೆಯಿದೆ. ಮನೆಯಲ್ಲಿ ನಮಗಿರುವುದು ಕೇಳುವ ದನಿಯೊಂದೇ. ಅದು ಮೃದುವಾಗಿದ್ದಲ್ಲಿ ಮಕ್ಕಳು ಉಗ್ರಾಣದಿಂದ ಈಚೆಗೆ ಬಂದು, ನಮ್ಮೊಡನೆ ಕುಳಿತು ತಿಂದಾರು.