ಮೂರು ದಿನ

ಇತಿಹಾಸ, ಅರ್ಥಶಾಸ್ತ್ರಗಳನ್ನೋದುವ ನನಗೆ ಬೂಷ್ಟಿನ ವಿಚಾರವೇಕೆಂದು ಗೆಳೆಯರು ನಗಬಹುದು. ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನಮ್ಮ ಮನೆಗೆ ಬಂದಿತು.

೨೦೨೧ರ ಮೇ ತಿಂಗಳು. ಕೋವಿಡ್‌ನಿಂದ ಆಗತಾನೆ ಎದ್ದಿದ್ದ ನನ್ನ ಸೋದರಮಾವನಿಗೆ ಒಂದೇ ಬದಿಯ ಮೂಗು ಕಟ್ಟಿ, ಕೆನ್ನೆ ನೋಯತೊಡಗಿತು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ. ಸ್ಟೀರಾಯ್ಡ್ ಔಷಧದಿಂದ ಅದು ಇನ್ನಷ್ಟು ಏರಿತ್ತು. "ಬರಿಯ ನೆಗಡಿ ಮಾವ, ಆವಿ ಹಿಡಿದರೆ ಹೋದೀತು" ಎಂದವನು ನಾನೇ. ಮೂರು ದಿನ ಬಿಸಿನೀರಿನ ತಪ್ಪಲೆ ಹೊತ್ತು ತಂದವನೂ ನಾನೇ. ನಾಲ್ಕನೆಯ ದಿನ ಕಣ್ಣು ಊದಿತು. ವೈದ್ಯರು ಜೀವವನ್ನುಳಿಸಿದರು; ಎಡಗಣ್ಣನ್ನು ಉಳಿಸಲಾಗಲಿಲ್ಲ.

ಜನ ಅದನ್ನು ಕಪ್ಪು ಶಿಲೀಂಧ್ರವೆಂದರು. ನಿಜವಾದ ಹೆಸರು ಮ್ಯೂಕರ್‌ಮೈಕೋಸಿಸ್. ಕಪ್ಪು ಆ ಶಿಲೀಂಧ್ರದ ಬಣ್ಣವಲ್ಲ. ರಕ್ತ ಹರಿಯದೆ ಸತ್ತ ಮಾಂಸದ ಬಣ್ಣ. ಈ ರೋಗವನ್ನು ಹೆಚ್ಚಾಗಿ ತರುವುದು ರೈಜೋಪಸ್. ಹಳಸಿದ ಬ್ರೆಡ್ಡಿನ ಮೇಲೆ ನಾವು ಕಾಣುವ ಬೂಷ್ಟಿನ ಹತ್ತಿರದ ಬಂಧು. ಅದರ ಬೀಜಕಣಗಳು ಗಾಳಿಯಲ್ಲಿವೆ. ನಾವೆಲ್ಲರೂ ಉಸಿರಾಡುತ್ತಲೇ ಇದ್ದೇವೆ. ಹಾಗಾದರೆ ಮಾವನನ್ನೇ ಏಕೆ ಹಿಡಿಯಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ದೊರೆತದ್ದು ಲಾಸ್ ಏಂಜಲೀಸ್ ಬಳಿಯ ಪ್ರಯೋಗಾಲಯವೊಂದರಲ್ಲಿ ಅಶ್ರಫ್ ಇಬ್ರಾಹಿಂ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯಲ್ಲಿ. ನಮ್ಮ ರಕ್ತನಾಳಗಳ ಒಳಪದರದ ಜೀವಕೋಶಗಳ ಮೇಲೆ ಜಿಆರ್‌ಪಿ-೭೮ ಎಂಬ ಪ್ರೋಟೀನಿದೆ. ಶಿಲೀಂಧ್ರ ಅದನ್ನೇ ಹಿಡಿದು ಒಳನುಗ್ಗುತ್ತದೆಂದು ೨೦೧೦ರಲ್ಲಿ ಅವರು ತೋರಿಸಿದರು. ರಕ್ತದಲ್ಲಿ ಸಕ್ಕರೆ, ಕಬ್ಬಿಣಗಳು ಏರಿದಾಗ ಈ ಪ್ರೋಟೀನ್ ಹೆಚ್ಚುತ್ತದೆ. ಹಿಡಿಯುವ ಕೈ ಶಿಲೀಂಧ್ರದ ಮೈಮೇಲಿರುವ ಕಾಟ್‌ಎಚ್ ಎಂಬ ಪ್ರೋಟೀನೆಂದು ೨೦೧೪ರಲ್ಲಿ ತಿಳಿಯಿತು. ಆ ಕೈಯನ್ನು ತಡೆಯುವ ಪ್ರತಿಕಾಯಗಳನ್ನು ಕೊಟ್ಟಾಗ ಸಿಹಿಮೂತ್ರ ರೋಗದ ಇಲಿಗಳಿಗೆ ರಕ್ಷಣೆ ದೊರೆಯಿತು. ಮೂಗಿನ ಒಳಪದರದಲ್ಲಿಯೂ ಇದೇ ಜಿಆರ್‌ಪಿ-೭೮ ದಾರಿ ಕೊಡುತ್ತದೆಂಬುದು ಅನಂತರದ ಶೋಧ.

ಓದಿದ್ದನ್ನೆಲ್ಲ ಒಂದು ಸಂಜೆ ಮಾವನಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಬಾಗಿಲು ತೆಗೆದಿಟ್ಟದ್ದು ನನ್ನ ಸಕ್ಕರೆ ಕಣೋ. ನೀನೇಕೆ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತೀ?" ಎಂದರು. ನಾನು ಆ ತಪ್ಪಲೆಯ ಮಾತನ್ನೇ ಎತ್ತಿರಲಿಲ್ಲ. ಅವರು ಎಲ್ಲವನ್ನೂ ಬಲ್ಲವರಾಗಿದ್ದರು.

ಮಾವ ಕ್ಷಮಿಸಿದರೆಂದು ಆ ಮೂರು ದಿನ ಮರಳಿ ಬಾರವು. ವಾಚಕರಲ್ಲಿ ನನ್ನದೊಂದೇ ಬಿನ್ನಹ: ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಒಂದೇ ಬದಿಯ ಮೂಗು ಕಟ್ಟಿ ಮುಖ ನೋಯುತ್ತಿದ್ದರೆ, ತಪ್ಪಲೆಯನ್ನು ಒಲೆಯ ಮೇಲಿಡುವ ಮೊದಲು ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ.