ಅತ್ತಿಯವರ ಗಾಡಿಗೆ ಎಂಥಾ ಟರ್ಬೊ?

ವೈನಿಗೋಳ, ಕಾಕುಗೋಳ, ಈ ಸಲ ಹೂರಣದ ಸುದ್ದಿನೂ ಅಲ್ಲ, ಉಪ್ಪಿನಕಾಯಿ ಸುದ್ದಿನೂ ಅಲ್ಲ, ಗಾಡಿ ಸುದ್ದಿ ಬರೀಲಿಕ್ಕತ್ತೇನಿ. "ಇಕಿಗೇನ ಹುಚ್ಚ ಹಿಡೀತು" ಅನಬ್ಯಾಡ್ರಿ, ಕಡೀ ತನಕಾ ಓದ್ರಿ.

ನಿಮಗ ಗೊತ್ತೇ ಅದ, ನಮ್ಮ ಅತ್ತಿಯವರಿಗೆ ವಾರಕ್ಕ 3 ಸಲ ಡಯಾಲಿಸಿಸ್. ಧಾರವಾಡದಿಂದ ಹುಬ್ಬಳ್ಳಿಗೆ 20 ಕಿಲೋಮೀಟರ್ ಹೋಗೋದು, 4 ತಾಸು ಕೂಡೋದು, ತಿರುಗಿ ಬರೋದು. ಬರೋ ಮುಂದ ಅವರಿಗೆ ಕತ್ತು ಎತ್ತಲಿಕ್ಕೂ ತ್ರಾಣ ಇರಂಗಿಲ್ಲ. ಚಿಗರಿ ಬಸ್ಸು ಎಷ್ಟು ಛಲೋ ಇದ್ರೂ ಅದರಾಗ ಅವರನ್ನ ಕರಕೊಂಡು ಬರ್ಲಿಕ್ಕಾಗೂದಿಲ್ಲ. ನಮ್ಮ ಹಳೇ ಡೀಸೆಲ್ ಸ್ವಿಫ್ಟೇ ಗತಿ. ಹೊಡಿಯೋಕಿ ನಾನೇ.

ದಸರಾ ಮುಗದ ಮ್ಯಾಲೆ ಗಾಡಿ ಸೀಟಿ ಹೊಡದಂಗ ಸಪ್ಪಳ ಮಾಡ್ಲಿಕ್ಕತ್ತು. ಹಿಂದಿನಿಂದ ನೀಲಿ ಹೊಗಿ. ಏರು ಬಂತಂದ್ರ ಕಾಲು ಎಷ್ಟು ಒತ್ತಿದ್ರೂ ಎಳೀವಲ್ದು. ಗ್ಯಾರೇಜಿನವರು ಬಿಚ್ಚಿ ನೋಡಿ "ಟರ್ಬೊ ಹೋಗೇದ್ರಿ ಅಕ್ಕಾರ" ಅಂದ್ರು.

ಟರ್ಬೊ ಅಂದ್ರ ಏನಂತ ನನಗೂ ಅವತ್ತೇ ತಿಳೀತು. ಇಂಜಿನ್ನಿನಿಂದ ಹೊರಗ ಹೋಗೋ ಹೊಗಿ ಒಂದು ಸಣ್ಣ ಫಂಕಾ ತಿರಗಸ್ತದ. ಅದೇ ಕಡ್ಡಿಯ ಇನ್ನೊಂದು ತುದಿಗೆ ಇನ್ನೊಂದು ಫಂಕಾ. ಅದು ಹೊರಗಿನ ಗಾಳಿ ಎಳಕೊಂಡು ಇಂಜಿನ್ನಿಗೆ ಒತ್ತಿ ತುಂಬ್ತದ. ತಿರಗೋದು ನಿಮಿಷಕ್ಕ 1 ಲಕ್ಷಕ್ಕೂ ಮಿಕ್ಕಿ ಸುತ್ತು! ಆ ಕಡ್ಡಿ ತೇಲೋದು ಆಯಿಲ್‌ನ ತೆಳ್ಳನ ಪದರಿನ ಮ್ಯಾಲೆ.

ಮನ್ಯಾಗ ಜಗಳ ಶುರುವಾತು. ಮಗಾ ಅಂದ, "ಹೆಂಗೂ ಬದಲಿ ಮಾಡಬೇಕಲ್ಲಮ್ಮಾ, ದೊಡ್ಡದೇ ಹಾಕಸೋಣು. ಅರ್ಧಾ ರೊಕ್ಕಾ ನನ್ನ ಪಗಾರದ್ದು." ನಾನಂದೆ, "ಬ್ಯಾಡಪಾ, ಗುಜರಿ ಒಳಗ ಹಳೇದು ಸಿಗ್ತದಂತ, ಅದನ್ನ ಹಾಕಸೋಣು." ಎರಡು ದಿನಾ ಇದೇ ಆತು. ಒಳಗ ಮಲಗಿದ್ದ ಅತ್ತಿಯವರು ಸಣ್ಣ ಧ್ವನಿಯೊಳಗ, "ನನ್ನ ಸಲುವಾಗಿ ಜಗಳಾಡಬ್ಯಾಡ್ರಿ. ಒಂದು ವಾರ ನಾ ಹೋಗ್ಲಿಲ್ಲಂದ್ರ ಏನಾಗ್ತದ?" ಅಂದ್ರು. ಏನಾಗ್ತದ ಅಂತ ನಮಗ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡ್ವಿ.

ಮರುದಿನ ಗ್ಯಾರೇಜಿನವರು ಮಗಗ ಒಂದೇ ಮಾತು ಕೇಳಿದ್ರು. "ತಮ್ಮಾ, ಈ ಗಾಡಿ ದಿನಾ ಎಲ್ಲೆ ಓಡ್ತದ?" ಆಂವಾ ಸುಮ್ಮನಾದ. ನವಲೂರು, ಭೈರಿದೇವರಕೊಪ್ಪ, ಉಣಕಲ್ಲು, ವಿದ್ಯಾನಗರ, ಸಿಗ್ನಲ್ ಮ್ಯಾಲೆ ಸಿಗ್ನಲ್ಲು. ಮುಕ್ಕಾಲು ದಾರಿ ಎರಡನೇ ಗೇರು, ಮೂರನೇ ಗೇರು.

ನಮ್ಮ ಗಾಡಿದು 1248 ಸಿಸಿ ಇಂಜಿನ್ನು, 75 ಕುದರಿ ಶಕ್ತಿ. ಅದರ ಪೂರಾ ಎಳೆತ ಬರೋದು 2000 ಸುತ್ತಿನ ಹತ್ರ. ಅದಕ್ಕೂ ಕೆಳಗ ಮೊದಲೇ ಮಂದ. ದೊಡ್ಡ ಟರ್ಬೊದ ಫಂಕಾ ಭಾರ, ಅದು ತಿರಗಲಿಕ್ಕೆ ಹೊಗಿನೂ ಹೆಚ್ಚು ಬೇಕು. ಹಂಗಾಗಿ ಎಳೆತ ಇನ್ನೂ ತಡಾ ಆಗ್ತದ. ಖಾಲಿ ಹೈವೇದಾಗ ಜೋರು ಹೋದೀತು, ಸಿಗ್ನಲ್ ಬಿಟ್ಟಾಗ ಮಾತ್ರ ಬಸ್ಸಿನ ಮುಂದ ಮುಗ್ಗರಸ್ತದ. ಎರಡು ಕಪ್ ಚಹಾಕ್ಕ ಲಗ್ನದ ಹಂಡೆ ಒಲಿ ಮ್ಯಾಲೆ ಇಟ್ಟಂಗ! ಮ್ಯಾಲೆ ಇಂಜಿನ್ನಿನ ಕಂಪ್ಯೂಟರ್ ತಿದ್ದಬೇಕು, ಕ್ಲಚ್ ತಡೀಲಿಲ್ಲಂದ್ರ ಅದೂ ಬ್ಯಾರೆ. ಇನ್ಶೂರೆನ್ಸಿನವರಿಗೆ ಹೇಳದ ಇದ್ರ ನಾಳೆ ಏನರ ಆದಾಗ ಕ್ಲೇಮಿಗೂ ತಕರಾರು. "ಹಂಗಾರ ಇದೇ ಇಂಜಿನ್ನಿನ 90 ಕುದರಿದು ಬರ್ತದಲ್ಲಾ, ಅದರ ಟರ್ಬೊ?" ಅಂದ ಮಗಾ. ಅದರೊಳಗಿನ ರೆಕ್ಕಿ ತಾವೇ ಹೊರಳ್ತಾವಂತ. ಅವನ್ನ ನಡಸ್ಲಿಕ್ಕೂ ಕಂಪ್ಯೂಟರ್, ಪೈಪು ಎಲ್ಲಾ ಬದಲಿ ಆಗಬೇಕು. ಅಷ್ಟು ದಿನಾ ಗಾಡಿ ಗ್ಯಾರೇಜಿನ್ಯಾಗ.

ನಾನು ಒಳಗೊಳಗ ಖುಷಿ ಆಗಿದ್ದೆ. ಅಷ್ಟರಾಗ ನನ್ನ ಕಡೆ ತಿರುಗಿ, "ಅಕ್ಕಾರ, ಆಯಿಲ್ ಬದಲಿ ಮಾಡಿ ಎಷ್ಟು ದಿನಾ ಆತ್ರಿ?" ಅಂದ್ರು. 10,000 ಕಿಲೋಮೀಟರಿಗೆ ಮಾಡಸಬೇಕಿತ್ತು. ದವಾಖಾನಿ ಓಡಾಟದಾಗ 17,000 ದಾಟಿತ್ತು. ಸಾಲದ್ದಕ್ಕ, ತಡಾ ಆತಂತ ಬುರ್ರಂತ ಬಂದು ದವಾಖಾನಿ ಬಾಗಿಲಿಗೆ ಗಚ್ಚನ ಕೀಲಿ ತಿರುವಿ ಬಂದ್ ಮಾಡೋದು ನನ್ನ ರೂಢಿ. ಇಂಜಿನ್ ನಿಂತ ಕೂಡಲೇ ಆಯಿಲ್ ಹರಿಯೋದೂ ನಿಲ್ತದ, ಒಳಗಿನ ಫಂಕಾ ಕಾದು ಕೆಂಡ ಆಗಿರ್ತದ. ಉಳದ ಆಯಿಲ್ ಕರಕಾಗಿ ಸಣ್ಣ ಪೈಪಿನ್ಯಾಗ ಕಟ್ಟಿತ್ತು. ತಪ್ಪು ಗಾಡಿದಲ್ಲ, ನಂದು. ಆ ಪೈಪ್ ಹಂಗೇ ಬಿಟ್ಟು ಗುಜರಿದು ಹಾಕಿದ್ರ ಅದೂ ಹೋಗ್ತಿತ್ತಂತ.

ಕಡೀಕ ಮೊದಲಿದ್ದ ಅಳತೀದೇ ಹೊಸಾ ಟರ್ಬೊ, ಹೊಸಾ ಆಯಿಲ್ ಪೈಪು, ಆಯಿಲ್, ಫಿಲ್ಟರ್. ಅಟ್ಟದ ಪತ್ರಾಸ್ ಬದಲಿ ಮಾಡಸ್ಲಿಕ್ಕೆ ತಗದಿಟ್ಟ ರೊಕ್ಕಾ ಹೋತು, ಮಗಾನೂ ಅರ್ಧಾ ಕೊಟ್ಟ. ದೊಡ್ಡದಲ್ಲಂತ ಕೊಡೋದು ಬಿಡ್ಲಿಲ್ಲ. ಎರಡು ಸರ್ತಿ ಬಾಡಗಿ ಕಾರಿನ್ಯಾಗ ಹೋಗಿ ಬಂದ್ವಿ, ಡಯಾಲಿಸಿಸ್ ಒಂದೂ ತಪ್ಪಲಿಲ್ಲ.

ಈಗ ದವಾಖಾನಿ ಮುಂದ ನಿಂತ ಮ್ಯಾಲೆ ಒಂದು ನಿಮಿಷ ಇಂಜಿನ್ ಹಂಗೇ ಬಿಡ್ತೀನಿ. ಅಷ್ಟರಾಗ ಅತ್ತಿಯವರು ಸೆರಗು ಸರಿ ಮಾಡಿಕೊಂಡು, ಚೀಲಾ ತೊಡಿ ಮ್ಯಾಲೆ ಇಟ್ಟುಕೊಂಡು, "ಆತೇನ ನಿನ್ನ ಗಾಡಿ ದಣಿವು ಆರಿಸಿಕೊಳ್ಳೋದು?" ಅಂತಾರ. ಮೊದಲೆಲ್ಲಾ ನಾನೇ ಅವಸರಾ ಮಾಡಿ ಇಳಸ್ತಿದ್ದೆ.

ನಿಮ್ಮ ಮನ್ಯಾಗೂ ಟರ್ಬೊ ಗಾಡಿ ಇದ್ರ, ಆಯಿಲ್ ಬದಲಿ ಮಾಡೋ ತಾರೀಖು ಇವತ್ತೇ ನೋಡಿ, ಹಾಲಿನ ಲೆಕ್ಕಾ ಬರಿಯೋ ಕ್ಯಾಲೆಂಡರಿನ್ಯಾಗೇ ಬರದು ಇಟ್ಟಬಿಡ್ರಿ.